ಗೋಡೆಯಾಚೆಯ ಗಲಾಟೆ

೨೦೨೩ರ ಜುಲೈ ೧೧, ಬೆಳಿಗ್ಗೆ ೮ ಗಂಟೆ ೧೨ ನಿಮಿಷ. ಗೋಡೆಯಾಚೆ ಶಹೀರಾಳ ತರಗತಿ ಗೊಳ್ಳೆಂದು ನಕ್ಕಿತು. ಈಚೆ ಬದ್ರುಲ್ ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಮಲೇಷ್ಯಾದ ಪೇರಕ್ ನದಿ ದಂಡೆಯ ಈ ಶಾಲೆಯಲ್ಲಿ, ಇದೇ ಕೋಣೆಯಲ್ಲಿ, ಅವರು ಇಪ್ಪತ್ತನಾಲ್ಕು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದರು. ಪಕ್ಕದ ಕೋಣೆಗೆ ಗಣಿತದ ಟೀಚರ್ ಶಹೀರಾ ಬಂದು ನಾಲ್ಕು ತಿಂಗಳು.

ಹೋಗಿ ನೋಡಿದರೆ ಮಕ್ಕಳು ನೆಲದ ಮೇಲೆ ಕೂತು ದಾಳ ಉರುಳಿಸುತ್ತಿದ್ದರು. ಪಾಠ ಮಾಡಬೇಕಾದವಳೂ ನೆಲದ ಮೇಲೆಯೇ.

"ಇದೇನು ಪಾಠವೋ, ಜೂಜೋ?"

"ಭಿನ್ನರಾಶಿ, ಚಿಕ್ಗು. ಬನ್ನಿ, ನೀವೂ ಒಂದಾಟ ಆಡಿ," ಎಂದಳು ಶಹೀರಾ. ಆ ಊರಲ್ಲಿ ಮೇಷ್ಟ್ರಿಗೆ ಚಿಕ್ಗು, ಮೇಡಂಗೆ ಪುವಾನ್ ಎನ್ನುತ್ತಾರೆ.

ಮೇಷ್ಟ್ರ ಕಿವಿ ಒಲೆಯ ಮೇಲಿನ ಕಾವಲಿಯಂತೆ ಕಾಯಿತು. ಪಿರಿಯಡ್ ಮುಗಿದದ್ದೇ ಮುಖ್ಯೋಪಾಧ್ಯಾಯಿನಿ ಕಮ್ಸಿಯಾರ ಮುಂದೆ ನಿಂತರು. "ಪುವಾನ್, ಕ್ಯಾಂಟೀನ್ ಹಿಂದಿನ ತಗಡಿನ ಕೋಣೆ ಖಾಲಿ ಇದೆ. ಗಲಾಟೆ ಮಾಡೋರು ಅಲ್ಲಿಗೆ ಹೋಗ್ಲಿ."

"ಅಲ್ಲಿನ ಸೆಕೆಗೆ ಬೆಣ್ಣೆ ನೀರಾಗುತ್ತೆ, ಚಿಕ್ಗು. ಗಲಾಟೆ ಅನ್ನೋದಕ್ಕೆ ಆಧಾರ ಏನು?"

"ವಿಜ್ಞಾನದ ಮೇಷ್ಟ್ರನ್ನ ಆಧಾರ ಕೇಳ್ತೀರಾ?"

ಪ್ರಯೋಗಾಲಯದ ಲಿಮ್ ಬಳಿಯಿದ್ದ, ಸದ್ದು ಅಳೆಯುವ ಯಂತ್ರವನ್ನು ಬದ್ರುಲ್ ತಂದು ಎರಡು ಬಾಗಿಲುಗಳ ನಡುವಿನ ಕಟ್ಟೆಯ ಮೇಲಿಟ್ಟರು. ದಿನದ ಅತಿ ದೊಡ್ಡ ಸದ್ದನ್ನು ಹೊತ್ತಿನ ಸಮೇತ ಅದು ದಾಖಲಿಸುತ್ತಿತ್ತು.

"ಯಾರ ಸದ್ದು ದೊಡ್ಡದೋ ಅವರು ಗಂಟುಮೂಟೆ ಕಟ್ಟೋದು. ಒಪ್ಪಿಗೇನಾ?" ಎಂದರು ಮೇಷ್ಟ್ರು.

ಶಹೀರಾ ಒಪ್ಪಿ ತಲೆಯಾಡಿಸಿದಳು.

ಒಂಬತ್ತರ ಪಿರಿಯಡ್. ನಲವತ್ತೆರಡು ಮಕ್ಕಳು ಎದ್ದುನಿಂತು ಮೇಷ್ಟ್ರಿಗೆ, "ಸೆಲಮತ್ ಪಾಗಿ, ಚಿಕ್ಗೂ" ಎಂದು ನಮಸ್ಕಾರದ ರಾಗ ಎಳೆದರು.

"ಬೆಳಿಗ್ಗೆ ನಾಸಿ ಲೆಮಾಕ್ ಅನ್ನ ತಿಂದಿಲ್ವಾ? ಪಕ್ಕದವರ ಆಟ ನೋಡಿ ಮರ್ಯಾದೆ ಮರೆತ್ರಾ? ಇನ್ನೊಂದ್ಸಲ."

ಕಿಟಕಿ ಅದುರುವವರೆಗೆ ಮೂರು ಸಲ ಹೇಳಿಸಿದರು. ಆಮೇಲೆ ನೊಣ ಹಾರಿದರೂ ಕೇಳಿಸುವಷ್ಟು ಮೌನ. ಗೋಡೆಯಾಚೆ ಮಾತ್ರ ನಗುವೋ ನಗು. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ನಗು ಮೇಷ್ಟ್ರಿಗೆ ಹಿತವೆನಿಸಿತು.

ಮಧ್ಯಾಹ್ನ ಒಂದಕ್ಕೆ ಲಿಮ್ ಎಲ್ಲರೆದುರು ಯಂತ್ರ ನೋಡಿ ಓದಿದರು. "ತೊಂಬತ್ತಾರು ಡೆಸಿಬಲ್."

ಬದ್ರುಲ್ ಮೇಜು ಗುದ್ದಿದರು. "ನೋಡಿದ್ರಾ ಪುವಾನ್? ಇದು ಶಾಲೆಯಲ್ಲ, ಸಂತೆ."

"ಹೊತ್ತು, ಒಂಬತ್ತು ಗಂಟೆ ಎರಡು ನಿಮಿಷ," ಲಿಮ್ ಮುಂದುವರಿಸಿದರು. "ಆಗ ನಿಮ್ಮ ಮಕ್ಕಳು ನಿಮಗೆ ಮೂರನೇ ನಮಸ್ಕಾರ ಹೇಳ್ತಿದ್ರು, ಚಿಕ್ಗು. ಪ್ರಯೋಗಾಲಯದವರೆಗೂ ಕೇಳಿಸ್ತು."

"ನಮ್ಮ ಮಕ್ಕಳು ಬೆಚ್ಚಿ ದಾಳ ಕೈಬಿಟ್ರು," ಎಂದಳು ಶಹೀರಾ.

"ಅದು ಸದ್ದಲ್ಲ," ಮೇಷ್ಟ್ರು ಕನಲಿದರು. "ಗೌರವ."

"ಯಂತ್ರಕ್ಕೆ ವ್ಯತ್ಯಾಸ ತಿಳಿಯಲ್ವಲ್ಲ," ಎನ್ನುತ್ತ ಕಮ್ಸಿಯಾ ತಗಡಿನ ಕೋಣೆಯ ಬೀಗದಕೈಯನ್ನು ಅವರತ್ತ ಸರಿಸಿದರು.

ಒಂದೂವರೆಗೆ ಬದ್ರುಲ್ ಮೇಷ್ಟ್ರು ಹೊಸ ಕೋಣೆಯ ಗೋಡೆಗೆ ಮೊಳೆ ಹೊಡೆದು ತಮ್ಮ ಹಳೆಯ ಉಷ್ಣಮಾಪಕವನ್ನು ನೇತುಹಾಕಿದರು. ಹತ್ತು ನಿಮಿಷ ಕಾದರು. ಕೆಟ್ಟಿರಬೇಕೆಂದು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಕೆಟ್ಟಿರಲಿಲ್ಲ: ೩೮.೫ ಡಿಗ್ರಿ.