ಲಿಫ್ಟ್ ಮೇಸ್ತ್ರಿ ಹಡಗು ತಪ್ಪಿಸಿದ್ದು

ಮನೆ ಹಾಳಾಗುವುದಕ್ಕೆ ಭೂಕಂಪವೇ ಆಗಬೇಕಿಲ್ಲ, ಟಿವಿಗೆ ಒಂದು ಗೇಮ್ ಡಬ್ಬಿ ಸಿಕ್ಕಿಸಿದರೆ ಸಾಕು ಎಂಬುದು ನಮ್ಮ ಲಿಫ್ಟ್ ಮೇಸ್ತ್ರಿಯ ಅಚಲ ಸಿದ್ಧಾಂತ. ಆಧಾರ ಕೇಳಿದರೆ ಸೋಫಾದ ಕಡೆ ಕೈ ತೋರಿಸುತ್ತಿದ್ದ. ಅಲ್ಲಿ ಕಾಲೇಜು ಓದುವ ಮಗಳು ಕೂತಿರುತ್ತಿದ್ದಳು. ಗೆಳತಿಯಿಂದ ಎರವಲು ಪಡೆದು ಡಬ್ಬಿಯನ್ನು ಮನೆಗೆ ತಂದವಳು ಅವಳೇ.

"ಅದೇನು ಸದಾ ಟುಕುಟುಕು ಒತ್ತೋದು? ಹೊಡಿ, ಬಡಿ, ಕಡಿ. ಇನ್ನೇನಿದೆ ಅದರಲ್ಲಿ?"

"ಇದರಲ್ಲಿ ಹೊಡೆದಾಟ ಇಲ್ಲಪ್ಪ. ಕಥೆ ಇದೆ."

"ಕಥೆ ಅಂದ್ರೆ ಕೇಳಬೇಕು, ಇಲ್ಲ ಓದಬೇಕು. ಒತ್ತೋ ಕಥೆ ನಾನೆಲ್ಲೂ ಕಂಡಿಲ್ಲ."

(ಕೆಟ್ಟ ಲಿಫ್ಟುಗಳನ್ನು ರಿಪೇರಿ ಮಾಡುತ್ತಾ ಬೆಳಗಿನಿಂದ ಸಂಜೆಯವರೆಗೆ ಗುಂಡಿ ಒತ್ತಿಯೇ ಅನ್ನ ಸಂಪಾದಿಸುವವನ ಮಾತಿದು.)

ಆ ವಾರ ಅವನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಹೆಂಡತಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕಾರ್ಖಾನೆಯವರು ಬೇರೆ ಊರಿನಲ್ಲಿ ಹೊಸ ಶಾಖೆ ತೆರೆದಿದ್ದರು. ಆರು ತಿಂಗಳು ಅಲ್ಲಿದ್ದು, ಹೊಸ ಹುಡುಗಿಯರಿಗೆ ಕಾಲರ್ ಕೂರಿಸುವುದನ್ನು ಕಲಿಸಿ ಬಂದರೆ ಮೇಲ್ವಿಚಾರಕಿಯ ಕೆಲಸ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಮನೆ ಯಾರು ನೋಡ್ಕೋತಾರೆ?"

ಅದು ಪ್ರಶ್ನೆಯ ಅಂಗಿ ತೊಟ್ಟು ಬಂದ ತೀರ್ಪು. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಊರಿನವರನ್ನೆಲ್ಲ ಮೇಲೇರಿಸಿ ಹೊಟ್ಟೆ ಹೊರೆಯುವ ಗಂಡಸು; ಕಟ್ಟಿಕೊಂಡವಳು ಒಂದೇ ಒಂದು ಮಹಡಿ ಏರುತ್ತೇನೆಂದರೆ ಅವನಿಗೆ ಕರೆಂಟೇ ಹೋಗಿಬಿಡುತ್ತದೆ. ಅಂಥವನು ಇವನೊಬ್ಬನೇ ಅಲ್ಲ. ಇದನ್ನು ಓದುತ್ತಾ ಪಕ್ಕದ ಮನೆಯವನನ್ನು ನೆನೆದು ನಗುತ್ತಿರುವವರು ಒಮ್ಮೆ ಕನ್ನಡಿಯನ್ನೂ ನೋಡಿಕೊಳ್ಳಲಿ.

ಶನಿವಾರ ಮಧ್ಯಾಹ್ನ ಅಮ್ಮ ಮಗಳು ಅಂಗಡಿ ಬೀದಿಗೆ ಹೋದರು. ಶತ್ರುವಿನ ಬಲಾಬಲ ತಿಳಿಯದೆ ಯುದ್ಧ ಸಾರುವುದು ವೀರರ ಲಕ್ಷಣವಲ್ಲವಷ್ಟೆ? ಮೇಸ್ತ್ರಿ ಕಡಲೆಕಾಯಿ ಬಟ್ಟಲು ಪಕ್ಕಕ್ಕಿಟ್ಟುಕೊಂಡು ಗೇಮ್ ಹಾಕಿದ. (ಮಗಳು ಆಡಿದರೆ ಕಾಲಹರಣ, ತಾನು ಆಡಿದರೆ ತನಿಖೆ.) 'ಮುಂದುವರಿಸು' ಎಂದು ಬಂತು. ಒತ್ತಿದ.

ಸಮುದ್ರದ ನಡುವೆ ಬಂಡೆ, ಬಂಡೆಯ ಮೇಲೆ ದೀಪಸ್ತಂಭ. ಅದನ್ನು ಕಾಯುವ ಒಬ್ಬ ಅಪ್ಪ, ಒಬ್ಬಳು ಮಗಳು. ಹಡಗಿನವರ ಜೊತೆ ಹೋಗಿ ನಕ್ಷತ್ರ ನೋಡಿ ದಾರಿ ಹಿಡಿಯುವ ವಿದ್ಯೆ ಕಲಿಯಬೇಕೆಂದು ಹುಡುಗಿಯ ಆಸೆ. ಹಡಗು ದಡದಲ್ಲೇ ನಿಂತಿದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಾನೆ: "ನೀನು ಹೋದರೆ ದೀಪ ಹಚ್ಚುವವರು ಯಾರು?"

"ಭೇಷ್!" ಎಂದ ಮೇಸ್ತ್ರಿ. ಜಗತ್ತಿನಲ್ಲಿ ತನ್ನ ಹಾಗೆ ಯೋಚಿಸುವ ಇನ್ನೊಬ್ಬ ಸಜ್ಜನ ಸಿಕ್ಕಿದ್ದ.

ಪರದೆಯ ಮೇಲೆ ಎರಡು ದಾರಿ ಮೂಡಿದವು: ಹಡಗು ಹತ್ತು, ಮನೆಯಲ್ಲೇ ಇರು. ಮೇಸ್ತ್ರಿ ಕಡಲೆಕಾಯಿ ಅಗಿಯುತ್ತಲೇ ಎರಡನೆಯದನ್ನು ಒತ್ತಿದ. 'ಹಳೆಯ ಆಟ ಅಳಿಸಿ ಹೊಸದನ್ನು ಉಳಿಸಲೇ?' ಎಂದು ಕೇಳಿತು. ಹೊಸ ಹಗ್ಗ ಹಾಕಿದ ಮೇಲೆ ಹಳೆಯದನ್ನು ಅಲ್ಲೇ ಬಿಡಬಾರದು ಎನ್ನುವುದು ಲಿಫ್ಟಿನವರ ಧರ್ಮ. 'ಹೌದು' ಒತ್ತಿದ.

ಆಮೇಲೆ ಶುರುವಾಯಿತು ನೋಡಿ. ಹಡಗು ಹೋಯಿತು. ಹುಡುಗಿ ಮೆಟ್ಟಿಲು ಹತ್ತಿ ದೀಪ ಹಚ್ಚಿದಳು. ಮರುದಿನವೂ ಹಚ್ಚಿದಳು. ಮಳೆ ಬಂತು, ಚಳಿ ಬಂತು, ಕೂದಲು ನರೆಯಿತು; ಅವಳು ಹಚ್ಚುತ್ತಲೇ ಇದ್ದಳು. ಅಪ್ಪ ಕೆಳಗೆ ಕುರ್ಚಿಯ ಮೇಲೆ ಕೂತೇ ಇದ್ದ.

"ಲೋ, ಒಂದು ದಿನ ನೀನು ಹಚ್ಚಬಾರದೇನೋ? ಕೈಗೇನು ಬೇನೆ ನಿಂಗೆ?" ಮೇಸ್ತ್ರಿ ಟಿವಿಗೆ ಬೈದ. ಬಟ್ಟಲು ಮರೆತೇಹೋಯಿತು.

ಕೊನೆಗೆ ಮುದುಕ ಹಾಸಿಗೆ ಹಿಡಿದ. ಮಗಳ ಕೈ ಹಿಡಿದು ಹೇಳಿದ: "ದೀಪ ಹಚ್ಚುವುದು ನನಗೂ ಗೊತ್ತಿತ್ತು, ಮಗಳೇ."

ಆಟ ಮುಗಿಯಿತು. ಮೇಸ್ತ್ರಿಗೆ ಮಾತ್ರ ಮುಗಿಯಲಿಲ್ಲ. ಹಿಂದಕ್ಕೆ ಹೋಗಲು ಕಂಡ ಗುಂಡಿಯನ್ನೆಲ್ಲ ಒತ್ತಿದ. ಎಂಥ ಕಟ್ಟಡದಲ್ಲಿ ಸಿಕ್ಕಿಕೊಂಡವರನ್ನೂ ಬಿಡಿಸಿ ತಂದಿದ್ದವನಿಗೆ ಆ ಹುಡುಗಿಯನ್ನು ಬಂಡೆಯಿಂದ ಕೆಳಗಿಳಿಸಲಾಗಲಿಲ್ಲ.

ಬಾಗಿಲು ತೆರೆದು ಮಗಳು ಒಳಗೆ ಬಂದಾಗ ಅವನ ಮೂಗು ಕೆಂಪಾಗಿತ್ತು.

"ಪುಟ್ಟಿ, ತಪ್ಪಾಯ್ತು ಕಣೇ. ನಿನ್ನ ಹುಡುಗಿಯ ಬಾಳು ಹಾಳು ಮಾಡಿಬಿಟ್ಟೆ. ಆ ಪಾಪಿ ಅಪ್ಪ, ಸಾಯೋವಾಗ ಹೇಳ್ತಾನೆ, ದೀಪ ಹಚ್ಚೋದು ನನಗೂ ಗೊತ್ತಿತ್ತು ಅಂತ! ಗೊತ್ತಿದ್ರೆ ಮೊದಲೇ ಬೊಗಳೋಕೆ ಏನಾಗಿತ್ತು?"

ಮಗಳು ಟಿವಿ ನೋಡಿದಳು. "ಅಪ್ಪಾ, ನನ್ನ ಆಟ ಹೋದ ತಿಂಗಳೇ ಮುಗೀತು. ಇದು ಅಮ್ಮಂದು."

"ಯಾವ ಅಮ್ಮ?"

"ನಮ್ಮನೇಲಿ ಎಷ್ಟು ಜನ ಅಮ್ಮಂದಿರಿದ್ದಾರೆ?"

ಹೆಂಡತಿ ಹಿಂದೆಯೇ ಹೊಸ್ತಿಲಲ್ಲಿ ನಿಂತಿದ್ದಳು. "ಮನೇಲೇ ಕೂರಿಸಿಬಿಟ್ರಾ ಅವಳನ್ನ?" ಎಂದಳು ಮೆಲ್ಲಗೆ. "ಈಜು ಕಲಿಸಿದ್ದೆ. ದಿಕ್ಸೂಚಿ ಹುಡುಕಿ ಕೊಟ್ಟಿದ್ದೆ. ಆ ಸಿಡುಕು ಕ್ಯಾಪ್ಟನ್ನನ್ನ ಒಪ್ಪಿಸೋ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ದಡದ ತನಕ ಕರಕೊಂಡು ಬಂದು ನಿಲ್ಲಿಸಿದ್ದೆ ಕಣ್ರೀ!"

"ಮತ್ತೆ ಹತ್ತಿಸದೆ ಯಾಕೆ ನಿಲ್ಲಿಸಿದ್ದೆ?"

"ಕಾರ್ಖಾನೆಯವರಿಗೆ ನಾನೇನು ಹೇಳ್ತೀನಿ ಅಂತ ನನಗೇ ಗೊತ್ತಿರಲಿಲ್ಲ. ಅದಕ್ಕೇ."

ಮೇಸ್ತ್ರಿಗೆ ತಲೆಯಲ್ಲಿ ಎಲ್ಲ ಮಹಡಿಯ ದೀಪಗಳೂ ಒಟ್ಟಿಗೆ ಹೊತ್ತಿದವು. ಗಂಟಲು ಸರಿಮಾಡಿಕೊಂಡು, ರಾಜ್ಯ ದಾನ ಕೊಡುವ ಚಕ್ರವರ್ತಿಯ ಭಂಗಿಯಲ್ಲಿ ನಿಂತ. "ನೀನು ಹೋಗು. ದೀಪ... ಅಂದ್ರೆ ಮನೆ... ನಾನು ನೋಡ್ಕೋತೀನಿ. ಅಪ್ಪಣೆ ಕೊಟ್ಟಿದ್ದೀನಿ."

ಆನಂದಬಾಷ್ಪಕ್ಕಾಗಿ ಕಾದ. ಬರಲಿಲ್ಲ.

"ಅಪ್ಪಣೆ ಕೇಳಿದ್ಯಾರು? ದಾರೀಲೇ ಮೇನೇಜರಿಗೆ ಫೋನ್ ಮಾಡಿ ಹೂಂ ಅಂದೆ. ಮನೆಗೆ ಬಂದು ಆ ಹುಡುಗೀನೂ ಹತ್ತಿಸೋಣ ಅಂತಿದ್ದೆ, ಅಷ್ಟರಲ್ಲಿ ನೀವು..."

ಆಗ ಮೇಸ್ತ್ರಿ ಅವಳ ಕೈಯಲ್ಲಿದ್ದುದನ್ನು ನೋಡಿದ. ತರಕಾರಿ ಚೀಲ ಅಂದುಕೊಂಡಿದ್ದ. ಗಾಲಿಯಿರುವ ಹೊಸ ಸೂಟ್‌ಕೇಸ್.

"ನಾನು ಬರೋದ್ರೊಳಗೆ," ಎಂದಳು ಹೆಂಡತಿ, "ನನ್ನ ಹುಡುಗಿ ಹಡಗು ಹತ್ತಿರಬೇಕು. ಮೊದಲಿಂದ ಆಡಿ."

ಅವಳು ಹೋದಳು. ಮೇಸ್ತ್ರಿ ಮೊದಲಿನಿಂದ ಆಡಿದ. ಜೊತೆಗೆ ಪಾತ್ರೆ ತೊಳೆದ, ಬಟ್ಟೆ ಒಣಹಾಕಿದ, ಬಣ್ಣ ಬಿಡುವ ಬಟ್ಟೆ ಯಾವುದೆಂದು ತನ್ನ ಬಿಳಿ ಅಂಗಿಗಳನ್ನು ಬಲಿಕೊಟ್ಟು ಕಲಿತ. ಆಟದ ಹುಡುಗಿ ಈಜು ಕಲಿಯುವಾಗ ಪದೇಪದೇ ಮುಳುಗಿದಳು. ಮನೆಯಲ್ಲಿ ಇವನೂ ಹೆಚ್ಚು ತೇಲಲಿಲ್ಲ. ಸಂಜೆ ಹೆಂಡತಿಯ ಫೋನ್ ಬರುತ್ತಿತ್ತು. ಅವಳ ದನಿಯಲ್ಲಿ ಇಪ್ಪತ್ತು ಹುಡುಗಿಯರನ್ನು ಆಳುವ ಹೊಸ ಹುರುಪು. ಅದನ್ನು ಕೇಳಲಿಕ್ಕೆಂದೇ ಇವನು ಕೆಲಸದಿಂದ ಬೇಗ ಬರತೊಡಗಿದ. (ಯಾರಿಗೂ ಹೇಳಲಿಲ್ಲ. ಮಗಳಿಗೆ ಗೊತ್ತಿತ್ತು.)

ಕೊನೆಗೊಂದು ಸಂಜೆ ಅದೇ ದಡ, ಅದೇ ಬಾಗಿಲು. ಮೇಸ್ತ್ರಿ ಎರಡೂ ಹೆಬ್ಬೆರಳು ಸೇರಿಸಿ 'ಹಡಗು ಹತ್ತು' ಒತ್ತಿದ. ಹುಡುಗಿ ಹತ್ತಿದಳು. ಈಗ ಆಟ ಅಪ್ಪನ ಪಾಲಿಗೆ ಬಂತು: ಹಡಗು ಬಂಡೆಗೆ ಬಡಿಯುವ ಮೊದಲು ಮುದುಕ ಮೆಟ್ಟಿಲೇರಿ ತಾನೇ ದೀಪ ಹಚ್ಚಬೇಕು!

"ಹತ್ತಪ್ಪಾ, ಹತ್ತು! ಎಣ್ಣೆ ಹಾಕು! ಅಯ್ಯೋ, ಅದಲ್ಲ, ಬತ್ತಿ!" ಎಂದು ಮಗಳು ಕುಣಿದಳು. ಫೋನಿನ ಆ ಕಡೆಯಿಂದ ಹೆಂಡತಿ, ಪರದೆ ಕಾಣದಿದ್ದರೂ, "ಎಡಕ್ಕೆ, ಎಡಕ್ಕೆ ರೀ!" ಎಂದು ಕೂಗುತ್ತಿದ್ದಳು.

ದೀಪ ಹೊತ್ತಿತು. ಹಡಗು ಬಂಡೆ ದಾಟಿ ತೆರೆದ ಸಮುದ್ರಕ್ಕೆ ಸಾಗಿತು. ಅದೇ ಗಳಿಗೆಯಲ್ಲಿ ಅಡುಗೆಮನೆಯಿಂದ ಚುಂಯ್ ಎಂಬ ಸದ್ದು ಬಂತು. ಮೇಸ್ತ್ರಿ ಓಡಿದ. ಹಾಲು ಉಕ್ಕಿ, ಕಟ್ಟೆಯಿಂದ ನೆಲಕ್ಕಿಳಿದು, ಅವನ ಕಾಲಿನವರೆಗೆ ಬಂದು ನಿಂತಿತ್ತು.

"ಏನಾಯ್ತು ರೀ? ದೀಪ ಹತ್ತಿತಾ?"

"ಹತ್ತಿತು," ಎಂದ ಮೇಸ್ತ್ರಿ. "ಒಲೆ ಆರಿತು."

"ಆರಲಿ ಬಿಡಿ," ಎಂದಳು ಹೆಂಡತಿ. "ಹಚ್ಚೋದು ನಿಮಗೂ ಗೊತ್ತಲ್ಲ."