ಮೊಳೆ ಹೊಡೆಯಬಹುದಾದ ದೇಶ

ನಮ್ಮಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಹತ್ತಾರು ದೇಶಗಳಲ್ಲಿ ಮನೆ ಕೊಳ್ಳುವುದು ಹೇಗೆಂದು ಬಲ್ಲವರು. ಪಾಸ್‌ಪೋರ್ಟ್ ಒಂದನ್ನು ಮಾತ್ರ ಮಾಡಿಸಿರಲಿಲ್ಲ.

ಥಾಯ್ಲೆಂಡಿನಲ್ಲಿ ಹೊರಗಿನವರು ಫ್ಲಾಟು ಕೊಳ್ಳಬಹುದು, ನೆಲ ಕೊಳ್ಳುವಂತಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಸರ್ಕಾರದ ಒಪ್ಪಿಗೆ ಬೇಕು. ದುಬೈಯವರು ಈಗೀಗ ಕೊಡುತ್ತಾರೆ, ಅದೂ ಅವರು ತೋರಿಸಿದ ಕಡೆ ಮಾತ್ರ. ಹಲಸೂರಿನ ಸೈಬರ್ ಕೆಫೆಯಲ್ಲಿ ಕೂತು ಇದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದ ಈ ಮಹಾನುಭಾವರು ರಾಯಚೂರು ಬಿಟ್ಟಂದಿನಿಂದ ಇದ್ದದ್ದು ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಗಳಲ್ಲಿ. ಹೊರಗಿನವರ ಬಗ್ಗೆ ಅವರಿಗೆ ಇಷ್ಟೇಕೆ ಆಸ್ಥೆ? ಜೀವನ್ ಬಿಮಾ ನಗರದಲ್ಲಿ ಅವರೊಂದಿಗೆ ಮನೆ ಹುಡುಕಲು ಹೋದಾಗ ತಿಳಿಯಿತು.

"ಯಾವ ಕಡೆಯವ್ರು?" ಮನೆ ಮಾಲೀಕರು ಕೇಳಿದರು.

"ರಾಯಚೂರು."

"ಓ, ಹೊರಗಿನವ್ರು. ರೊಟ್ಟಿ ತಟ್ಟೋ ಸದ್ದು ಕೆಳಗಡೆ ಕೇಳ್ಸುತ್ತೆ ಕಣ್ರೀ."

"ಹೆಂಡತಿ ತೀರಿಕೊಂಡಾಳ್ರೀ. ನಾನೇ ಬಡಿತೀನಿ, ಮೆಲ್ಲಕ ಬಡಿತೀನಿ."

"ಒಂಟಿ ಗಂಡಸ್ರಿಗೆ ಕೊಡಲ್ಲ."

ಕಾಕಾ ನೋಟ್‌ಬುಕ್ ತೆಗೆದರು. "ಥಾಯ್ಲೆಂಡ್ ಮಂದಿ ಹೊರಗಿನವ್ರಿಗೆ ಏನು ಕೊಡತೀವಿ, ಏನು ಕೊಡಂಗಿಲ್ಲ ಅಂತ ಬರದಿಟ್ಟಾರ. ನೀವು ಎಲ್ಲೆ ಬರದೀರಿ?"

ನಾನು ಅವರ ತೋಳು ಹಿಡಿದು ಎಳೆದುಕೊಂಡು ಬಂದೆ.

ಮನೆ ಕೊಟ್ಟವರೂ ಒಂದು ಷರತ್ತನ್ನು ತಪ್ಪಿಸಲಿಲ್ಲ: ಗೋಡೆಗೆ ಮೊಳೆ ಹೊಡೆಯಬಾರದು. ಹೀಗಾಗಿ ಬೇರೆ ಮನೆಗಳಲ್ಲಿ ತೀರಿಹೋದವರೆಲ್ಲ ಗೋಡೆಯ ಮೇಲಿದ್ದರೆ, ಕಾಕಾನ ಹೆಂಡತಿ, ನಮ್ಮ ಕಾಕೂ, ಮಾತ್ರ ಫೋಟೋ ಚೌಕಟ್ಟಿನೊಳಗೆ ಕೂತು ಒಂದು ಮನೆಯ ಟ್ರಂಕಿನಿಂದ ಇನ್ನೊಂದು ಮನೆಯ ಸ್ಟೂಲಿಗೆ ವರ್ಗವಾಗುತ್ತಿದ್ದಳು.

ಒಮ್ಮೆ ಕಂಟೋನ್ಮೆಂಟಿನ ಹೋಟೆಲೊಂದರಲ್ಲಿ ವಿದೇಶಿ ಮನೆಗಳ ಪ್ರದರ್ಶನ. ಕಾಕಾ ಇಸ್ತ್ರಿ ಅಂಗಿ ತೊಟ್ಟು ಹೊರಟರು. ದುಬೈ ಮಳಿಗೆಯ ಹುಡುಗಿ ಈಜುಕೊಳ ತೋರಿಸಿದಳು, ಸಮುದ್ರ ತೋರಿಸಿದಳು.

"ಮೊಳೆ ಹೊಡೀಬಹುದೇನವಾ?"

"ಸಾರ್?"

"ಗೋಡೆಗೆ."

ಅವಳು ಪುಟ ತಿರುವಿದಳು. "ಚೆಕ್ ಮಾಡಿ ಹೇಳ್ತೀನಿ ಸಾರ್." ಕಾಕಾ ಬರೆದುಕೊಂಡರು: 'ದುಬೈ — ವಿಚಾರಿಸಬೇಕು.' ನಮ್ಮ ಆಫೀಸಿನವರು ಯಾರಾದರೂ ನೋಡಿಯಾರೆಂದು ನಾನು ಹೂಕುಂಡದ ಹಿಂದೆ ನಿಂತಿದ್ದೆ.

ಮುಂದೆ ಟಿನ್ ಫ್ಯಾಕ್ಟರಿ ಆಚೆ ನಾನೇ ಒಂದು ಮನೆ ಕಟ್ಟಿದೆ. ಮಹಡಿಯನ್ನು ಕಾಕಾಗೇ ಕೊಟ್ಟೆ. ಆದರೆ ನನ್ನ ಸ್ವಭಾವ ಗೊತ್ತಲ್ಲ! ಮಳೆ ಬಂದರೆ ಗೋಡೆ ಒದ್ದೆಯಾದೀತು, ಬಿಸಿಲು ಬಂದರೆ ಬಿರುಕು ಬಿಟ್ಟೀತು. ನನ್ನ ಹಳೆಯ ಮಾಲೀಕರು ನನ್ನಿಂದ ಸಹಿ ಹಾಕಿಸಿಕೊಂಡಿದ್ದ ಕರಾರನ್ನೇ ಒಂದಕ್ಷರ ಬಿಡದೆ ಟೈಪ್ ಮಾಡಿಸಿದೆ. ಕಾಕಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಒಂಬತ್ತನೆಯ ಕಲಮಿನ ಹತ್ತಿರ ಸ್ವಲ್ಪ ನಿಂತರು. ಸಹಿ ಹಾಕಿದರು.

"ದುಬೈಕಿಂತ ಸಲೀಸು," ಎಂದರು. ಹೊಗಳಿಕೆ ಎಂದುಕೊಂಡೆ.

ಎರಡು ತಿಂಗಳ ಮೇಲೆ ಮಳೆನೀರು ಸೋರಿದೆಯೇ ಎಂದು ನೋಡಲು ಹೋದೆ. ಕಾಕೂ ಸ್ಟೂಲಿನ ಮೇಲೇ ಇದ್ದಳು.

"ಇನ್ನೂ ಯಾಕ ತೂಗುಹಾಕಿಲ್ಲ ಕಾಕಾ?"

"ಒಂಬತ್ತನೇ ಕಲಮು ನೀನೇ ಬರದೀಯಲ್ಲಪಾ."

ಆ ದನಿಯಲ್ಲಿ ಚುಚ್ಚುಮಾತನ್ನು ಹುಡುಕಿದೆ. ಇರಲಿಲ್ಲ. ಬಾಡಿಗೆದಾರನೊಬ್ಬ ಮಾಲೀಕನಿಗೆ ಕೊಟ್ಟ ಉತ್ತರ, ಅಷ್ಟೇ.

ಕೆಳಗೆ ಹೋಗಿ ಸುತ್ತಿಗೆ ತಂದೆ. ಕಾಕಾ ಗೋಡೆಗೆ ಅಂಗೈ ಅಡ್ಡ ಇಟ್ಟರು. "ಹೊಸಾ ಪ್ಲಾಸ್ಟರ್. ಒಡೀತದ."

"ಒಡೀಲಿ."

ಮೊದಲ ಮೊಳೆ ಬಾಗಿತು. ಎರಡನೆಯದಕ್ಕೆ ಅಂಗೈಯಗಲದ ಗಾರೆ ಉದುರಿತು. ಮೂರನೆಯದನ್ನು ಇಡುವಾಗ ಕಾಕಾ ನನ್ನ ಮಣಿಕಟ್ಟು ಹಿಡಿದರು.

"ಇನ್ನೊಂಚೂರು ಕೆಳಗಪಾ," ಎಂದರು. "ಆಕಿ ಗಿಡ್ಡ ಇದ್ದಳು."