ಹೊಸ ರೇಡಿಯೇಟರಿಗೆ ಹೆಂಡತಿಯ ಆಕ್ಷೇಪಣೆಗಳು

ಹೆಂಡತಿ: ಹಳೇ ರೇಡಿಯೇಟರಿಗೆ ಏನಾಗಿದೆ ಅಂತ ಕೇಳ್ದೆ.

ಗಂಡ: ಸೋರುತ್ತೆ ಅಂತ ಹೇಳ್ದೆ.

ಹೆಂಡತಿ: ಅದು ನಾನು ಈ ಮನೆಗೆ ಬಂದಾಗಿಂದ ಸೋರ್ತಾನೇ ಇದೆ. ಹೊಸದಾಗಿ ಏನಾಗಿದೆ?

ಗಂಡ: ಹೊಸದಾಗಿ ನನಗೆ ಬುದ್ಧಿ ಬಂದಿದೆ.

ಹೆಂಡತಿ: ಇಷ್ಟು ವರ್ಷ ತಡೆದಿದ್ದು, ಇನ್ನೊಂಚೂರು ತಡೀಬಾರದಿತ್ತಾ?

ಈ ಮಾತು ನಡೆಯುತ್ತಿದ್ದುದು ಮನೆಯ ಪಕ್ಕದ ಶೆಡ್ಡಿನಲ್ಲಿ. ಗಂಡ ಕಾರಿನ ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದಿದ್ದ. ಹೆಂಡತಿ ಮಾತಾಡುತ್ತಿದ್ದುದು ಅವನ ಬೆನ್ನಿನ ಜೊತೆ. ಅದರಲ್ಲೇನೂ ವಿಶೇಷವಿರಲಿಲ್ಲ. ಮದುವೆಯಾದ ಮೇಲೆ ಅವಳು ಆ ಮುಖಕ್ಕಿಂತ ಆ ಬೆನ್ನನ್ನೇ ಹೆಚ್ಚು ನೋಡಿದ್ದಳು, ಬೆನ್ನಿನ ಕೋಪತಾಪಗಳೂ ಅವಳಿಗೆ ಗೊತ್ತಾಗುತ್ತಿದ್ದವು.

ಕಾರು ಎರಡು ಬಾಗಿಲಿನದು, ಕೆಂಪು ಬಣ್ಣದ್ದು, ಒಂದು ಕಾಲದಲ್ಲಿ ಪಂದ್ಯಗಳಲ್ಲಿ ಓಡಿ ಹೆಸರು ಮಾಡಿದ್ದು. ಅದರ ಸದ್ದು ಎಂಥದೆಂದರೆ, ಒಳಗೆ ಕೂತವರು ಆಡಿದ ಮಾತು ಅವರ ಕಿವಿಗೇ ಮುಟ್ಟುತ್ತಿರಲಿಲ್ಲ. ಪ್ರತಿ ಭಾನುವಾರ ಗಂಡಹೆಂಡಿರು ಅದರಲ್ಲಿ ಗುಡ್ಡದ ಮೇಲಿರುವ ಹೆಂಡತಿಯ ಅಕ್ಕನ ಮನೆಗೆ ಹೋಗುತ್ತಿದ್ದರು. ಪ್ರತಿ ಭಾನುವಾರ ಅದು ಏರು ರಸ್ತೆಯ ದೊಡ್ಡ ಮರದ ತಿರುವಿನಲ್ಲಿ ಕಾದು, ಬುಸ್ಸೆಂದು ಹಬೆ ಬಿಟ್ಟು ನಿಲ್ಲುತ್ತಿತ್ತು. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಆದ್ದರಿಂದ ಅರ್ಧ ಗಂಟೆ ಅದನ್ನು ಮುಟ್ಟುವಂತಿಲ್ಲ, ತಿರುಪು ಬಿಗಿಯುವಂತಿಲ್ಲ, ಒರೆಸುವಂತಿಲ್ಲ. ಗಂಡ ಬೇರೆ ದಾರಿ ಕಾಣದೆ ಬಂದು ಹೆಂಡತಿಯ ಪಕ್ಕ ಚಾಪೆಯ ಮೇಲೆ ಕೂರಬೇಕು.

ಹೆಂಡತಿಗೆ ಬೇಕಾಗಿದ್ದುದು ಆ ಅರ್ಧ ಗಂಟೆ. ವಾರವಿಡೀ ಅವಳ ಕೆಲಸ ಗ್ರಂಥಾಲಯದ ಕೌಂಟರಿನಲ್ಲಿ. ಮಾತಾಡಿದವರನ್ನು ಸುಮ್ಮನಿರಿಸುವುದಕ್ಕೇ ಅವಳಿಗೆ ಸಂಬಳ. ಮನೆಗೆ ಬಂದರೆ ಗಂಡ ಕಾರಿನಡಿ. ಅಕ್ಕನ ಮನೆಯಲ್ಲಿ ಮಾತಿನ ಗುತ್ತಿಗೆ ಪೂರ್ತಿ ಅಕ್ಕನದು, ಉಳಿದವರಿಗೆ ಹೂಂಗುಟ್ಟುವ ಕೂಲಿ. ಇನ್ನು ಉಳಿದದ್ದು ಆ ತಿರುವೊಂದೇ. ಕಳೆದ ಭಾನುವಾರ ಅಲ್ಲಿ ಒಂದು ಕತೆ ಅರ್ಧಕ್ಕೆ ನಿಂತಿತ್ತು. ಗ್ರಂಥಾಲಯಕ್ಕೆ ದಿನಾ ಬರುವ ಒಬ್ಬ ಮುದುಕರು ಒಂದೇ ಪುಸ್ತಕದ ಒಂದೇ ಪುಟ ತೆರೆದು ಕೂರುತ್ತಾರೆ, ಸಂಜೆಯವರೆಗೆ ಮಗುಚುವುದಿಲ್ಲ. "ಅವರು ಎದ್ದು ಹೋದ ಮೇಲೆ ನಾನು ಹೋಗಿ ಆ ಪುಟ ನೋಡ್ದೆ" ಎನ್ನುವಷ್ಟರಲ್ಲಿ ರೇಡಿಯೇಟರ್ ತಣ್ಣಗಾಗಿ ಗಂಡ ಎದ್ದುಬಿಟ್ಟಿದ್ದ.

ಇದನ್ನು ಬಾಯಿಬಿಟ್ಟು ಹೇಳೋಣವೆಂದರೆ, ವರ್ಷಗಟ್ಟಲೆ ಅದೇ ತಿರುವಿನಲ್ಲಿ "ಈ ಡಬ್ಬಾ ಕಟ್ಟಿಕೊಂಡು ನಾನು ಕೆಟ್ಟೆ" ಎಂದು ಗೊಣಗಿದ ಬಾಯಿ ಅದು. ಅದೇ ಬಾಯಲ್ಲಿ ಈಗ ಬೇಡಿಕೊಳ್ಳುವುದು ಹೇಗೆ? ಅದಕ್ಕೇ ಅವಳು ಗ್ರಂಥಾಲಯದಿಂದ ಒಂದು ದಪ್ಪ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಯುದ್ಧಕ್ಕೆ ಬಂದಿದ್ದಳು.

ಹೆಂಡತಿ: ಹಳೇ ಕಾರಿಗೆ ಹುಟ್ಟುವಾಗ ಇದ್ದ ಭಾಗಗಳೇ ಇರಬೇಕಂತೆ. ಬದಲಾಯಿಸಿದ್ರೆ ಕಾರಿನ ಮರ್ಯಾದೆ ಹೋಗುತ್ತಂತೆ.

ಗಂಡ: ಯಾರು ಹೇಳಿದ್ದು?

ಹೆಂಡತಿ: ಪುಸ್ತಕದಲ್ಲಿದೆ.

ಬೆನ್ನು ಸ್ತಬ್ಧವಾಯಿತು. ಸ್ವಲ್ಪ ಹೊತ್ತಿಗೆ ಅದರ ಇನ್ನೊಂದು ತುದಿಯಿಂದ ಮುಖ ಹೊರಬಂತು, ಮೂಗಿನ ಮೇಲೆ ಗ್ರೀಸ್.

ಗಂಡ: ನೀನು ಕಾರಿನ ಪುಸ್ತಕ ಓದಿದ್ಯಾ?

ಹೆಂಡತಿ: ಕೈಗೆ ಸಿಕ್ತು, ಓದ್ದೆ.

ಗಂಡ: ಪೂರ್ತಿನಾ?

ಹೆಂಡತಿ: ಇಂಜಿನ್ ತಣ್ಣಗೆ ಇಡೋ ಅಧ್ಯಾಯ ಮಾತ್ರ.

ಗಂಡ: ಇಂಥ ದಿನ ಬರುತ್ತೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ ಕಣೇ.

ಹೆಂಡತಿ: ಕನಸು ಆಮೇಲೆ. ಮರ್ಯಾದೆ ವಿಷಯ ಹೇಳಿ.

ಗಂಡ: ಈಗಿರೋ ರೇಡಿಯೇಟರ್ ಹುಟ್ಟುವಾಗಿನದ್ದಲ್ಲ. ಯಾವುದೋ ಟೆಂಪೋದಿಂದ ಬಿಚ್ಚಿ ಹಾಕಿದ್ದು.

ಹೆಂಡತಿ: ಟೆಂಪೋದ್ದಾ?

ಗಂಡ: ತರಕಾರಿ ಸಾಗಿಸೋದು. ಅಂದ್ರೆ ಮರ್ಯಾದೆ ಮುಂಚೆನೇ ಹೋಗಿದೆ. ಈಗ ವಾಪಸ್ ತರ್ತಿದ್ದೀನಿ.

ಹೆಂಡತಿ ಪುಸ್ತಕದ ಮುಂದಿನ ಪುಟ ತೆಗೆದಳು.

ಹೆಂಡತಿ: ಸರಿ. ರೇಡಿಯೇಟರ್ ಒಂದೇ ಹೊಸದಾದ್ರೆ ಏನು ಬಂತು? ಈ ಫ್ಯಾನು ಇಂಜಿನ್ ತಿರುಗಿದಷ್ಟೇ ತಿರುಗೋದು. ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಗಾಳಿನೇ ಎಳೆಯಲ್ಲ. ಹೊಸದು ಹಾಕಿಸೋದು ದಂಡ. ಬಿಟ್ಟುಬಿಡಿ.

ಗಂಡ: ಅರೆ!

ಹೆಂಡತಿ: ಏನು ಅರೆ?

ಗಂಡ: ನನಗೆ ಹೊಳೆದೇ ಇರಲಿಲ್ಲ. ಕರೆಂಟ್ ಫ್ಯಾನ್ ಹಾಕಿಸೋಣ. ಇಂಜಿನ್ ನಿಧಾನ ಇದ್ರೂ ಅದು ಜೋರಾಗಿ ತಿರುಗುತ್ತೆ.

ಹೆಂಡತಿ: ನಾನು ಹಾಕಿಸಿ ಅನ್ನಲಿಲ್ಲ!

ಗಂಡ: ಅನ್ನದೇನೇ ಅಂದೆ. ಮುಂದೆ ಓದು, ಮುಂದೆ ಓದು.

ಹೆಂಡತಿ: ಮುಂದೆ ಏನಿದೆ ಅಂದ್ರೆ, ಅತಿಯಾಗಿ ತಣ್ಣಗಾದ್ರೂ ಇಂಜಿನ್ ಸವೆಯುತ್ತಂತೆ. ಸ್ವಲ್ಪ ಕಾಯಬೇಕಂತೆ. ಕಾಯೋದು ಆರೋಗ್ಯ.

ಗಂಡ: ಥರ್ಮೋಸ್ಟಾಟ್!

ಹೆಂಡತಿ: ಅಂದ್ರೆ?

ಗಂಡ: ನೀರು ಕಾಯೋವರೆಗೂ ತಡೆದು, ಕಾದ ಮೇಲೆ ಬಿಡೋ ಬಾಗಿಲು. ನಮ್ಮದರಲ್ಲಿ ಅದನ್ನ ಯಾರೋ ಕಿತ್ತು ಎಸೆದಿದ್ದಾರೆ. ಅದೂ ಹೊಸದು ಹಾಕಿಸ್ತೀನಿ. ನೀನು ಇಷ್ಟು ದಿನ ಎಲ್ಲಿದ್ದೆ?

ಹೆಂಡತಿ: ಇಲ್ಲೇ ಇದ್ದೆ. ನಿಮ್ಮ ಬೆನ್ನ ಹಿಂದೆ.

ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಹಿಡಿದು ಕಿವಿಗೆ ಬಿಟ್ಟುಕೊಂಡಂತಾಗಿತ್ತು ಅವಳ ಸ್ಥಿತಿ. ಒಂದು ಭಾಗ ತಪ್ಪಿಸಲು ಬಂದವಳು ಮೂರು ಭಾಗ ಹಾಕಿಸಿ ಕೂತಿದ್ದಳು. ಪುಸ್ತಕದಲ್ಲಿ ಇನ್ನೂ ಪುಟಗಳಿದ್ದವು; ಹೆದರಿ ಮುಚ್ಚಿಟ್ಟಳು.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಅಲ್ಯೂಮಿನಿಯಂ ರೇಡಿಯೇಟರನ್ನು ಹಳೇ ಕಂಬಳಿಯಲ್ಲಿ ಸುತ್ತಿ, ಆಸ್ಪತ್ರೆಯಿಂದ ಕೂಸನ್ನು ತರುವವನಂತೆ ಎದೆಗವಚಿಕೊಂಡು ತಂದಿದ್ದ. ಹೆಂಡತಿ ಅವನನ್ನು ಬಾಗಿಲಲ್ಲೇ ತಡೆದಳು.

ಹೆಂಡತಿ: ಏನಪ್ಪಾ, ಹಳೇದಕ್ಕೇ ಒಂದು ಬೆಸುಗೆ ಹಾಕಿಕೊಟ್ರೆ ಆಗಲ್ವಾ?

ಮೆಕ್ಯಾನಿಕ್: ಅಮ್ಮಾ, ಅದರಲ್ಲಿ ಈಗ ರೇಡಿಯೇಟರಿಗಿಂತ ಬೆಸುಗೆನೇ ಜಾಸ್ತಿ ಇದೆ.

ಹೆಂಡತಿ: ಹೋಗಲಿ. ಹೊಸದನ್ನ ಹಾಕು. ಆದ್ರೆ ಸ್ವಲ್ಪ ಕಾಯೋ ಹಾಗೆ ಹಾಕೋಕೆ ಬರುತ್ತಾ?

ಮೆಕ್ಯಾನಿಕ್: ಸ್ವಲ್ಪ ಅಂದ್ರೆ?

ಹೆಂಡತಿ: ಜಾಸ್ತಿ ಬೇಡ. ಏರು ಹತ್ತುವಾಗ ಮಾತ್ರ. ದೊಡ್ಡ ಮರದ ತಿರುವಿನ ಹತ್ತಿರ.

ಮೆಕ್ಯಾನಿಕ್ ಕೂಸನ್ನು ಇನ್ನೂ ಬಿಗಿಯಾಗಿ ಅವಚಿಕೊಂಡ.

ಮೆಕ್ಯಾನಿಕ್: ಸಾರ್, ಅಮ್ಮಾವ್ರು ಏನೋ ಕೇಳ್ತಿದ್ದಾರೆ.

ಗಂಡ: ಪರೀಕ್ಷೆ ಮಾಡ್ತಿದ್ದಾಳೆ ಕಣಯ್ಯಾ. ಇಡೀ ರಸ್ತೆಯಲ್ಲಿ ಅದೇ ಕಷ್ಟದ ಜಾಗ ಅಂತ ಅವಳಿಗೆ ಗೊತ್ತು. ಪುಸ್ತಕ ಓದಿದ್ದಾಳೆ.

ಮೆಕ್ಯಾನಿಕ್: ಪುಸ್ತಕನಾ? ಹಾಗಾದ್ರೆ ನೀರಿನ ಪಂಪು, ಹೋಸ್ ಪೈಪು, ಎಲ್ಲಾ ಹೊಸದೇ ಹಾಕಿಬಿಡ್ತೀನಿ. ಬರೀ ನೀರು ಬೇಡ, ಕೂಲೆಂಟ್ ಹಾಕೋಣ. ಅಮ್ಮಾ, ಆ ತಿರುವಲ್ಲಿ ಏನಾದ್ರೂ ಈ ಗಾಡಿ ನಿಂತರೆ ನಾನು ಸ್ಪ್ಯಾನರ್ ಹಿಡಿಯೋದನ್ನೇ ಬಿಟ್ಟು ಬಿಡ್ತೀನಿ. ನಿಮ್ಮಾಣೆ.

ಹೆಂಡತಿ: ನನ್ನ ಮೇಲೆ ಯಾಕೆ ಆಣೆ ಹಾಕ್ತೀಯಪ್ಪಾ.

ಭಾನುವಾರ ಬಂತು. ಕಾರು ಬಾಗಿಲ ಮುಂದೆ ಗುಡುಗುತ್ತಾ ನಿಂತಿತ್ತು. ಗಂಡ ಡಿಕ್ಕಿಯಿಂದ ನೀರಿನ ಕ್ಯಾನುಗಳನ್ನು ಇಳಿಸಿದ, ಆಮೇಲೆ ಚಾಪೆಗೆ ಕೈ ಹಾಕಿದ.

ಹೆಂಡತಿ: ಅದ್ಯಾಕೆ ತೆಗೀತೀರಿ?

ಗಂಡ: ಸುಮ್ನೆ ಭಾರ. ಇನ್ನು ನಿಲ್ಲೋದೇ ಇಲ್ಲವಲ್ಲ.

ಹೆಂಡತಿ: ಸೀಟು ಗಟ್ಟಿ. ಮಡಿಸಿ ಕೂತ್ಕೋತೀನಿ.

ಗಂಡ: ಫ್ಲಾಸ್ಕ್?

ಹೆಂಡತಿ: ಅಕ್ಕನಿಗೆ ಟೀ.

ಗಂಡ: ಅಕ್ಕನ ಮನೇಲಿ ಒಲೆ ಇಲ್ವಾ?

ಹೆಂಡತಿ: ನಿಮ್ಮ ಕಾರಿಗೆ ಅಷ್ಟೆಲ್ಲಾ ಹೊಸದು ಬಂತು, ನಾನು ಒಂದು ಹಳೇ ಫ್ಲಾಸ್ಕ್ ಇಟ್ಟುಕೊಂಡ್ರೆ ತಪ್ಪಾ?

ಗಂಡ ಡಿಕ್ಕಿ ಮುಚ್ಚಿದ. ಹೊಸ ರೇಡಿಯೇಟರಿನ ಮುಂದೆ ಅವನಿಗೆ ಲೋಕದಲ್ಲಿ ಯಾರ ಮೇಲೂ ಕೋಪವಿರಲಿಲ್ಲ.

ಏರು ಶುರುವಾಯಿತು. ಕಾರು ಗರ್ಜಿಸುತ್ತಾ ಹತ್ತಿತು. ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದು, ಕಚೇರಿಯ ಕುರ್ಚಿಯಲ್ಲಿ ಕೂತ ಅಧಿಕಾರಿಯಂತೆ, ಇನ್ನು ಏಳುವುದಿಲ್ಲ ಎಂದು ಕೂತುಬಿಟ್ಟಿತು.

ಹೆಂಡತಿ (ಕೂಗಿ): ಮೊನ್ನೆ ಗ್ರಂಥಾಲಯದಲ್ಲಿ!

ಗಂಡ (ಕೂಗಿ): ಆಂ?

ಹೆಂಡತಿ: ಏನಿಲ್ಲ!

ಗಂಡ: ಮುಳ್ಳು ನೋಡೇ! ಅಲ್ಲಾಡ್ತಾನೇ ಇಲ್ಲ!

ಹೆಂಡತಿ: ನೋಡ್ದೆ!

ದೊಡ್ಡ ಮರ ಬಂತು. ಅದರ ಬೇರಿನ ಪಕ್ಕ ವರ್ಷಗಟ್ಟಲೆ ಚಾಪೆ ಹಾಸಿ ಹಾಸಿ ಹುಲ್ಲು ಸವೆದು ಚೌಕಾಕಾರದ ಗುರುತಾಗಿತ್ತು. ಹೆಂಡತಿ ಅದನ್ನು ಇಂಥ ವೇಗದಲ್ಲಿ ಎಂದೂ ನೋಡಿರಲಿಲ್ಲ. ಮರ ಹಿಂದೆ ಸರಿಯಿತು. ಅವಳಿಗೆ ಅಳು ಬಂತು. ಒಂದು ಟೆಂಪೋ ರೇಡಿಯೇಟರಿಗಾಗಿ ಅತ್ತಳೆಂದು ನಾಳೆ ಯಾರಾದರೂ ಆಡಿಕೊಂಡಾರೆಂದು ನುಂಗಿಕೊಂಡಳು. ಫ್ಲಾಸ್ಕನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮುಂದಿನ ತಿರುವು ಕಳೆಯಿತು. ಗಂಡ ಎರಡು ಸಲ ಅವಳ ಕಡೆ ನೋಡಿದ. ಮೂರನೆಯ ಸಲ ಬಾಯಿ ತೆರೆದ.

ಗಂಡ: ಆಮೇಲೆ ಏನಾಯ್ತು?

ಹೆಂಡತಿ: ಆಂ?

ಗಂಡ: ಆ ಮುದುಕರು!

ಹೆಂಡತಿ: ಯಾರು?

ಗಂಡ: ಅದೇ ಪುಟ! ನೀನು ಹೋಗಿ ನೋಡಿದ್ಯಲ್ಲ! ಏನಿತ್ತು ಅದರಲ್ಲಿ?

ಹೆಂಡತಿ: ಕೇಳಿಸ್ತಿಲ್ಲ ರೀ!

ಗಂಡ: ವಾರವೆಲ್ಲಾ ಅದೇ ಯೋಚನೆ ನನಗೆ!

ಹೆಂಡತಿ: ಕೇಳಿಸ್ತಿಲ್ಲ!

ಕೊನೆಯ ಮಾತು ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೆ ಕೆಲವು ಮಾತುಗಳನ್ನು ಎರಡು ಸಲ ಕೇಳಬೇಕೆನಿಸುತ್ತದೆ.

ಗಂಡ ರಸ್ತೆಯ ಅಗಲ ನೋಡಿ ಕಾರು ತಿರುಗಿಸಿದ. ಇಳಿಜಾರಿನಲ್ಲಿ ವಾಪಸ್ ಬಂದು, ದೊಡ್ಡ ಮರದ ಕೆಳಗೆ ನಿಲ್ಲಿಸಿ, ಇಂಜಿನ್ ಆರಿಸಿದ. ಇಳಿದು ಹೋಗಿ ಬಾನೆಟ್ ಎತ್ತಿಟ್ಟ. ಒಳಗೆ ಇಣುಕಿಯೂ ನೋಡಲಿಲ್ಲ. ನೇರ ಬಂದು, ಹೆಂಡತಿ ಹಾಸಿದ ಚಾಪೆಯ ತನ್ನ ಮೂಲೆಯಲ್ಲಿ ಕೂತ. ಅವಳು ಎರಡು ಲೋಟಕ್ಕೆ ಟೀ ಬಗ್ಗಿಸಿದಳು. ಅಕ್ಕನ ಟೀ ಅಲ್ಲವೇ ಎಂದು ಅವನು ಕೇಳಲಿಲ್ಲ.

ಅವಳು ಬಾಯಿ ತೆರೆಯುವಷ್ಟರಲ್ಲಿ ಒಂದು ಸ್ಕೂಟರ್ ಕಿರ್ರೆಂದು ನಿಂತಿತು. ಮೆಕ್ಯಾನಿಕ್! ತೆರೆದ ಬಾನೆಟ್ ನೋಡಿ ಅವನ ಮುಖ ಬಿಳಿಚಿಕೊಂಡಿತ್ತು.

ಮೆಕ್ಯಾನಿಕ್: ಸಾರ್! ಕಾಯ್ತಾ?

ಗಂಡ ಹೆಂಡತಿಯ ಮುಖ ನೋಡಿದ. ಈ ಕಾರು ಎಂದೂ ಕಾಯುವುದಿಲ್ಲ, ಕಾದದ್ದಾದರೆ ರಸ್ತೆಯದೇ ತಪ್ಪು ಎಂದು ಜನ್ಮವಿಡೀ ಸಾಧಿಸಿಕೊಂಡು ಬಂದವನು ಅವನು.

ಗಂಡ: ಕಾಯ್ತು.

ಮೆಕ್ಯಾನಿಕ್ ಓಡಿಹೋಗಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ, ಕಾರಿನಡಿ ಇಣುಕಿದ, ಕೀ ತಿರುಗಿಸಿ ಮುಳ್ಳು ನೋಡಿದ.

ಮೆಕ್ಯಾನಿಕ್: ಹಬೆ ಇಲ್ಲ. ನೆಲದ ಮೇಲೆ ಒಂದು ಹನಿ ಇಲ್ಲ. ಮುಳ್ಳು ನಡುವಲ್ಲಿದೆ. ಎಲ್ಲಿ ಸಾರ್ ಕಾದಿದೆ?

ಗಂಡ: ಕಾಯೋ ಲಕ್ಷಣ ಕಾಣಿಸ್ತು.

ಮೆಕ್ಯಾನಿಕ್: ಯಾವ ಕಡೆಯಿಂದ?

ಗಂಡ: ಪಕ್ಕದ ಸೀಟಿನ ಕಡೆಯಿಂದ.

ಮೆಕ್ಯಾನಿಕ್: ನಾನು ಆಣೆ ಹಾಕಿದ್ದೀನಿ ಸಾರ್. ನನಗೆ ಇದು ಮಾನದ ಪ್ರಶ್ನೆ. ಮುಚ್ಚಳ ತೆಗೆದು ನೋಡೇಬಿಡ್ತೀನಿ.

ಗಂಡ, ಹೆಂಡತಿ (ಒಟ್ಟಿಗೆ): ಮುಟ್ಟಬೇಡ!

ಹೆಂಡತಿ: ಏರು ಹತ್ತಿ ಬಂದ ಗಾಡಿ. ಅರ್ಧ ಗಂಟೆ ಮುಟ್ಟಬಾರದು. ಇಷ್ಟೂ ಗೊತ್ತಿಲ್ವೇನಪ್ಪಾ ನಿನಗೆ?

ಅದು ಅವನೇ ಗಿರಾಕಿಗಳಿಗೆಲ್ಲ ಹೇಳುವ ಮಾತು. ಎದುರಾಡುವಂತಿರಲಿಲ್ಲ. ಚಾಪೆಯ ಅಂಚಿನಲ್ಲಿ ಕೂತ. ಹೆಂಡತಿ ಫ್ಲಾಸ್ಕಿನ ಮುಚ್ಚಳದಲ್ಲಿ ಅವನಿಗೂ ಟೀ ಕೊಟ್ಟು ಮೊದಲಿನಿಂದ ಶುರು ಮಾಡಿದಳು. ಮುದುಕರು ಬಾಗಿಲು ತೆರೆಯುವ ಮೊದಲೇ ಬಂದು ಕಾಯುವುದು, ಕಿಟಕಿಯ ಪಕ್ಕದ ಅದೇ ಕುರ್ಚಿ, ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುವ ರೀತಿ. ವಾರವಿಡೀ ಪಿಸುಗುಟ್ಟಿದ ಗಂಟಲು ಅದು. ಒಂದನ್ನೂ ಬಿಡಲಿಲ್ಲ, ಗಡಿಬಿಡಿಯನ್ನೂ ಮಾಡಲಿಲ್ಲ. ಗಂಡನ ಲೋಟದಲ್ಲಿ ಟೀ ಆರಿಹೋಯಿತು.

ಮೆಕ್ಯಾನಿಕ್ (ಮೆಲ್ಲಗೆ): ಸಾರ್, ಅರ್ಧ ಗಂಟೆ ಮೇಲಾಯ್ತು. ಈಗ ತಣ್ಣಗಾಗಿರುತ್ತೆ. ಮುಚ್ಚಳ ತೆಗೀಲಾ?

ಗಂಡ: ಸ್ವಲ್ಪ ಸುಮ್ನಿರಯ್ಯಾ. ಮುದುಕರು ಇನ್ನೂ ಕುರ್ಚಿಯಿಂದ ಎದ್ದಿಲ್ಲ.